ಬೆಲೆಗಷ್ಟೇ ಮನೆಅಳಿಯ

ಭಾನುವಾರ, ತಿಂಡಿ ಮುಗಿದ ಮೇಲೆ

ಪ್ರೀತಿಯ ಅಕ್ಕನಿಗೆ,

ನಾವು ಚೆನ್ನಾಗಿದ್ದೇವೆ. ನಿನಗೆ ನನ್ನ ಮೇಲೆ ಕೋಪ ಬಂದಿದೆ. ಅದೊಂದು ಬಿಟ್ಟರೆ ನೀವೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಫೋನು ಮಾಡಿದರೆ ಇಬ್ಬರೂ ಒಟ್ಟಿಗೇ ಕೂಗುತ್ತೇವೆ, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುವುದಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ, ಇವತ್ತೇ ಮೇಲ್ ಮಾಡುತ್ತೇನೆ.

ಭಾವನ ಆಟದ ಖಾತೆಗೆ ಬೀಗ ಬಿದ್ದಿದೆ, ನಮ್ಮ ಮನೆಯ ಕರೆಂಟ್ ಬಿಲ್ಲಿನ ಫೋಟೋ ಬೇಗ ಕಳಿಸು ಎಂದು ನೀನು ಬರೆದಿದ್ದೆ. ಅಷ್ಟು ದೂರದ ದೇಶದಲ್ಲಿ ಕೂತು ಭಾವ, ತಾನು ಇಲ್ಲೇ ನಮ್ಮ ಮುಂದಿನ ಕೋಣೆಯಲ್ಲಿ ವಾಸವಾಗಿದ್ದೇನೆ ಎಂದು ಆನ್‌ಲೈನ್ ಅಂಗಡಿಗೆ ಹೇಳಿ, ಇಲ್ಲಿಯ ಅಗ್ಗದ ಬೆಲೆಗೆ ವಿಡಿಯೋ ಗೇಮ್ ಕೊಳ್ಳುತ್ತಿದ್ದರಂತೆ. ಈಗ ಅಂಗಡಿಯವರು ಸಾಕ್ಷಿ ಕೇಳಿದ್ದಾರೆ. ಅಮ್ಮನಿಗೆ ಓದಿ ಹೇಳಿದೆ. ಮನೆಅಳಿಯ ಆಗೋಕೆ ಅಷ್ಟು ಆಸೆ ಇದ್ದರೆ ಬಂದು ಬೆಳಿಗ್ಗೆ ನೀರು ಹಿಡಿಯಲಿ, ಗ್ಯಾಸ್ ಸಿಲಿಂಡರ್ ಹೊತ್ತು ತರಲಿ, ಬೆಲೆಗಷ್ಟೇ ಮನೆಅಳಿಯ ಆಗೋದು ಎಲ್ಲಿಯ ನ್ಯಾಯ ಅಂದಳು. ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಬಹಳ ದಿನಗಳ ಮೇಲೆ ಹಾಗೆ ನಕ್ಕಿದ್ದು. ಆ ಒಂದು ಉಪಕಾರಕ್ಕೆ ಭಾವನಿಗೆ ನನ್ನ ವಂದನೆ ತಿಳಿಸು.

ಆದರೆ ಬಿಲ್ಲಿನ ಫೋಟೋ ಕಳಿಸುವುದಿಲ್ಲ, ಅಕ್ಕ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ.

ನನ್ನ ಮಾತನ್ನೇ ನನಗೆ ತಿರುಗಿಸಿ ಹೊಡೆದಿದ್ದೀಯ. ದೊಡ್ಡ ಕಂಪನಿಯ ಜೇಬಿಗೆ ಕತ್ತರಿ ಹಾಕಿದರೆ ಪಾಪವಿಲ್ಲ ಎಂದು ಭಾಷಣ ಬಿಗಿದವಳು ನೀನೇ ಅಲ್ಲವೇನೇ ಅಂತ. ಹೌದು, ನಾನೇ. ಪ್ರೆಸ್ಸಿನಲ್ಲಿ ನನ್ನ ಕೈಗೆ ಮಡಚಲು ಬರುವ ಕರಪತ್ರಗಳನ್ನೆಲ್ಲ ಓದಿ ಓದಿ ನಾನು ಕೆಟ್ಟೆ ಎನ್ನುತ್ತೀಯಲ್ಲ, ಅದೂ ನಿಜವಿರಬಹುದು. ಆದರೆ ಆ ಕತ್ತರಿ ಯಾರ ಜೇಬಿಗೆ ಬಿತ್ತು ಎನ್ನುವುದನ್ನು ಈಚೆಗೆ ಕಣ್ಣಾರೆ ಕಂಡೆ.

ನಮ್ಮ ಪ್ರೆಸ್ಸಿನಲ್ಲಿ ಪುಸ್ತಕ ಹೊಲಿಯುವವರನ್ನು ಎಲ್ಲರೂ ಚಿಕ್ಕಮ್ಮ ಅನ್ನುತ್ತೇವೆ. ಊಟದ ಬಿಡುವಿನಲ್ಲಿ ಅವರು ಪ್ರೂಫ್ ನೋಡುವ ಹಳೆಯ ಕಂಪ್ಯೂಟರಿನ ಮುಂದೆ ಕೂತು ಒಂದು ಆಟ ಆಡುತ್ತಾರೆ. ಹೊಳೆ ದಾಟಿಸುವ ದೋಣಿಯ ಆಟ. ದಡದಲ್ಲಿ ಜನ ಬಂದು ತಮ್ಮ ತಮ್ಮ ಕಥೆ ಹೇಳುತ್ತಾರೆ, ಕೆಲವರು ಸುಳ್ಳು ಹೇಳುತ್ತಾರೆ, ಯಾರನ್ನು ಹತ್ತಿಸಿಕೊಳ್ಳಬೇಕು ಎಂದು ನಾವು ತೀರ್ಮಾನಿಸಬೇಕು. ಅದನ್ನು ಮಾಡಿದವರು ಹೊರದೇಶದ ಗಂಡ ಹೆಂಡತಿ, ಇಬ್ಬರೇ. ಮೊದಲು ಅದರ ಬೆಲೆ ಚಿಕ್ಕಮ್ಮನ ಒಂದು ವಾರದ ಕೂಲಿಯಷ್ಟಿತ್ತು. ನಾನು ಅವರಿಗೆ ಖಾರವಾಗಿಯೇ ಬರೆದೆ. ಆ ಹೆಂಡತಿ ಉತ್ತರ ಬರೆದರು: ನಿಮ್ಮಲ್ಲಿ ಪುಸ್ತಕ ಹೊಲಿಯುವವರಿಗೆ ಗಂಟೆಗೆ ಎಷ್ಟು ಸಿಗುತ್ತದೆ ಎಂದು ಕೇಳಿದರು. ತಮ್ಮಲ್ಲಿ ಅದೇ ಕೆಲಸದವರು ಎರಡು ಗಂಟೆ ದುಡಿದರೆ ಈ ಆಟ ಸಿಗುತ್ತದೆ, ನಿಮಗೂ ಎರಡು ಗಂಟೆಯೇ ಆಗಲಿ ಎಂದು ಇಲ್ಲಿಯ ಬೆಲೆ ಇಳಿಸಿದರು. ನಾನು ಆ ಉತ್ತರವನ್ನು ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿದೆ. ಹಾಗೇ ಈರುಳ್ಳಿಯವನಿಗೂ ಒಂದು ಕಾಗದ ಬರಿಯಮ್ಮ ಎಂದು ಅಚ್ಚಿನ ಯಂತ್ರ ನಡೆಸುವ ನಮ್ಮ ಮೆಷಿನ್ ಅಣ್ಣ ಹಂಗಿಸಿದ.

ಆಮೇಲೆ ನೋಡು. ನಮ್ಮ ದೇಶದಲ್ಲಿ ಆ ಆಟ ರಾಶಿ ರಾಶಿ ಮಾರಾಟವಾಯಿತು, ಆಡುತ್ತಿದ್ದವರು ಮಾತ್ರ ಬೇರೆ ಬೇರೆ ದೇಶಗಳಲ್ಲಿ. ಎಲ್ಲರೂ ಕಾಗದದ ಮೇಲೆ ಇಲ್ಲಿಯವರು. ಹೀಗಾದರೆ ತಮ್ಮ ಹೊಟ್ಟೆ ತುಂಬುವುದಿಲ್ಲ, ಆಟದ ಎರಡನೇ ಭಾಗಕ್ಕೆ ಎಲ್ಲ ಕಡೆಯೂ ಒಂದೇ ಬೆಲೆ ಎಂದು ಆ ದಂಪತಿ ಸಾರಿದರು. ಚಿಕ್ಕಮ್ಮ ಆ ಎರಡನೇ ಭಾಗಕ್ಕೇ ಕಾದಿದ್ದರು. ಸುದ್ದಿ ಹೇಳಿದಾಗ ಅವರು ಬೈಯಲಿಲ್ಲ. ಹೋಗಲಿ ಬಿಡು, ನಮಗೆಲ್ಲಿ ಬರುತ್ತೆ ಅದು ಎಂದು ದಾರ ಹಲ್ಲಲ್ಲಿ ಕಡಿದು, ಮುಂದಿನ ಪುಸ್ತಕ ಎತ್ತಿಕೊಂಡರು. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ದೊಡ್ಡ ಕಂಪನಿಯಾದರೂ ಇದೇ ಕಥೆ, ಅದು ತನ್ನ ನಷ್ಟವನ್ನು ಇಲ್ಲಿಯ ಬೆಲೆ ಏರಿಸಿ ವಸೂಲು ಮಾಡಿಕೊಳ್ಳುತ್ತದೆ. ಇಲ್ಲಿಯ ಕಡಿಮೆ ಬೆಲೆ ಯಾರೋ ಕೊಟ್ಟ ದಾನವಲ್ಲ, ಅದು ಇಲ್ಲಿಯ ದುಡಿಮೆಯ ಅಳತೆ. ಅಲ್ಲಿಯ ಸಂಬಳ ಎಣಿಸಿಕೊಂಡು ಇಲ್ಲಿಯ ಅಳತೆಗೆ ಕೈ ಹಾಕಿದರೆ ಅದು ದೊಡ್ಡವರನ್ನು ದೋಚಿದ್ದಲ್ಲ, ಚಿಕ್ಕಮ್ಮನ ಸರತಿಯಲ್ಲಿ ನುಗ್ಗಿದ್ದು. ಅಲ್ಲೂ ಮನೆ ಬಾಡಿಗೆಗೇ ಅರ್ಧ ಸಂಬಳ ಹೋಗುತ್ತದೆ ಎಂದೆಯಲ್ಲ, ಅದನ್ನು ನಾನು ನಂಬುತ್ತೇನೆ. ಹಾಗಿದ್ದರೆ ಅಲ್ಲಿಯ ಬೆಲೆ ಇಳಿಸಿ ಎಂದು ಅಲ್ಲಿ ಜಗಳವಾಡಿ. ಕರಪತ್ರ ನಾನು ಬರೆದುಕೊಡುತ್ತೇನೆ, ಪುಕ್ಕಟೆ.

ಇನ್ನೊಂದು ಹೇಳಬೇಕು, ಕೂತುಕೊಂಡು ಓದು. ಆ ದಂಪತಿಗೆ ಪ್ರೆಸ್ಸಿನವರೆಲ್ಲ ಸಹಿ ಹಾಕಿ ಒಂದು ಮನವಿ ಕಳಿಸಿದೆವು. ಬೆಲೆ ಏರಿಸಬೇಡಿ, ಇಲ್ಲಿಯವರಲ್ಲದವರನ್ನು ಹುಡುಕಿ ನಿಲ್ಲಿಸಿ ಎಂದು. ಬರೆದವಳು ನಾನು. ಅವರು ಅದನ್ನು ಅಂಗಡಿಗೆ ಮುಟ್ಟಿಸಿದರು, ಅಂಗಡಿಯವರು ಖಾತೆಗಳನ್ನು ತಪಾಸಣೆ ಮಾಡಿದರು, ಬೀಗ ಬಿತ್ತು. ಬಲೆ ಬೀಸಿದವಳು ನಾನೇ, ಅದರಲ್ಲಿ ನಮ್ಮ ಮನೆಯ ಮೀನೇ ಇದೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಮೆಷಿನ್ ಅಣ್ಣ ಇಡೀ ದಿನ ಹಾಡಿದ. ನನಗೆ ನಾಚಿಕೆಯಾಯಿತು. ಆದರೆ ಮೊದಲೇ ಗೊತ್ತಿದ್ದರೂ ಆ ಮನವಿ ಬರೆಯುತ್ತಿದ್ದೆ. ಅದಕ್ಕೇ ನಿನಗೆ ಕೋಪ ಮಾಡಿಕೊಳ್ಳುವ ಹಕ್ಕಿದೆ.

ಬೆಲೆ ಉಳಿಯಿತು ಅಕ್ಕ. ಶುಕ್ರವಾರ ಚಿಕ್ಕಮ್ಮನಿಗೆ ಎರಡನೇ ಭಾಗ ಸಿಕ್ಕಿತು. ನಾವೆಲ್ಲ ಬುತ್ತಿ ಕೈಯಲ್ಲಿ ಹಿಡಿದುಕೊಂಡೇ ಅವರ ಬೆನ್ನ ಹಿಂದೆ ನಿಂತಿದ್ದೆವು. ರೇಷ್ಮೆ ಅಂಗಿಯ ವ್ಯಾಪಾರಿಯೊಬ್ಬ ದಡದಲ್ಲಿ ಕಣ್ಣೀರು ಹಾಕಿದ. ಹತ್ತಿಸಿಕೊಳ್ಳಿ ಪಾಪ ಎಂದು ಮಾಲೀಕರೇ ಶಿಫಾರಸು ಮಾಡಿದರು. ಸುಮ್ಮನಿರಿ, ಅಳೋದಕ್ಕೆ ಮುಂಚೆ ರೇಷ್ಮೆ ಒದ್ದೆಯಾಗಬಾರದು ಅಂತ ಅಂಗಿ ತೋಳು ಮಡಚಿಕೊಂಡ, ಇವನ ಅಳು ಕಳ್ಳ ಅಳು ಎಂದು ಚಿಕ್ಕಮ್ಮ ಅವನನ್ನು ಅಲ್ಲೇ ಬಿಟ್ಟು ದೋಣಿ ಹೊರಡಿಸಿದರು. ಪ್ರೆಸ್ಸಿನಲ್ಲಿ ಎದ್ದ ನಗು ಬೀದಿಗೆ ಕೇಳಿಸಿರಬೇಕು.

ಭಾವನಿಗೆ ಹೇಳು, ಅಂಗಡಿಗೆ ನಿಜ ಬರೆಯಲಿ. ಇರುವುದು ಹೊರದೇಶದಲ್ಲಿ, ಇನ್ನು ಮೇಲೆ ಅಲ್ಲಿಯ ಬೆಲೆಯನ್ನೇ ಕೊಡುತ್ತೇನೆ ಎಂದು. ಈವರೆಗೆ ಕೊಂಡ ಆಟಗಳು ವಾಪಸು ಸಿಗುತ್ತವೋ ಇಲ್ಲವೋ ನನಗೆ ಗೊತ್ತಿಲ್ಲ, ಸುಳ್ಳು ಭರವಸೆ ಕೊಡಲಾರೆ. ಸುಳ್ಳು ಬಿಲ್ಲು ಕೊಟ್ಟು ಸಿಕ್ಕಿಬಿದ್ದರೆ ಖಾತೆ ಶಾಶ್ವತವಾಗಿ ಹೋಗುತ್ತದೆ ಎನ್ನುವುದು ಮಾತ್ರ ಖಂಡಿತ.

ಕೋಪ ಇಳಿದ ಮೇಲೆ ಉತ್ತರ ಬರಿ. ಇಳಿಯದಿದ್ದರೆ ಇನ್ನೂ ಬೇಗ ಬರಿ.

ನಿನ್ನ ತಂಗಿ,
ಕಡ್ಡಿಪೆಟ್ಟಿಗೆ

ಮತ್ತೆ ನೆನಪಾಗಿದ್ದು: ಬೀಗ ಬಿದ್ದ ಖಾತೆಯ ಫೋಟೋ ಕಳಿಸಿದ್ದೆಯಲ್ಲ, ಅದರ ಮೂಲೆಯಲ್ಲಿ ಆಟಗಾರರ ಹೆಸರು ಕಾಣುತ್ತದೆ. ‘ಗುಂಗುರು ರಾಣಿ’ ಅಂತ ಇದೆ. ಭಾವನ ತಲೆಯಲ್ಲಿ ಗುಂಗುರು ಹಾಗಿರಲಿ, ಕೂದಲೇ ಇಲ್ಲ; ಗುಂಗುರು ಇರುವುದು ನಿನ್ನ ತಲೆಯಲ್ಲಿ. ಹೋದ ಸಲ ಬಂದಾಗ ಟಿವಿ ಹಚ್ಚಲು ನನ್ನನ್ನೇ ಕರೆಯುತ್ತಿದ್ದರು. ಅಮ್ಮನಿಗೆ ತೋರಿಸುವ ಮುಂಚೆ ಆ ಮೂಲೆಯನ್ನು ಕತ್ತರಿಸಿದೆ, ಅವಳು ಇನ್ನೂ ಅಳಿಯನನ್ನೇ ಬೈಯುತ್ತಿದ್ದಾಳೆ. ನೀನು ಈ ಮನೆಯವಳು ಅನ್ನುವುದಕ್ಕೆ ಬಿಲ್ಲು ಯಾಕೆ ಬೇಕೇ? ಯಾವತ್ತು ಬಂದರೂ ಮುಂದಿನ ಕೋಣೆ ನಿನ್ನದೇ. ಬೆಲೆ ಮಾತ್ರ ಅಲ್ಲಿಯದೇ ಕೊಡು.