ಗುದ್ದಲಿಯೋ ಗಂಡನೋ

ಸ್ಯಾನ್ ಮಟಿಯೋ, ಮಂಗಳವಾರ

ಪ್ರೀತಿಯ ಅಣ್ಣಾ,

ನಿವೃತ್ತಳಾದರೂ ಕರಡು ತಿದ್ದುವ ಕೆಲಸ ನನ್ನನ್ನು ಅಮೆರಿಕದ ನಿನ್ನ ಮಗಳ ಮನೆಗೂ ಹುಡುಕಿಕೊಂಡು ಬಂದಿದೆ. ಪಕ್ಕದ ಅಪಾರ್ಟ್‌ಮೆಂಟಿನ ಅಬೇಕೆ ಅಜ್ಜಿ ನೈಜೀರಿಯಾದವರು. ತಮ್ಮ ಯೊರುಬಾ ಭಾಷೆಯಲ್ಲೇ ಕಾದಂಬರಿ ಬರೆದಿದ್ದಾರೆ. ಆ ಭಾಷೆಗೆ ಇಂಗ್ಲಿಷ್ ಅಕ್ಷರಗಳೇ, ಆದರೆ ಕೆಲವಕ್ಕೆ ಕೆಳಗೆ ಚುಕ್ಕಿ, ಮೇಲೆ ಗೆರೆ ಇರಬೇಕು. ಇಂಗ್ಲಿಷ್ ಮಾತ್ರ ಕಲಿತ ಮೊಮ್ಮಗಳು ಸಿಮಿ ಅವನ್ನೆಲ್ಲ ಬಿಟ್ಟು ಟೈಪ್ ಮಾಡಿದ್ದಳು. ಅವಳು ಓದಿ ಹೇಳಿದಾಗ, ಹೊಲಕ್ಕೆ ಗುದ್ದಲಿ ಹೊತ್ತು ಹೊರಟ ಕಥಾನಾಯಕಿ ಗಂಡನನ್ನೇ ಹೊತ್ತು ಹೊರಟಿದ್ದಳು! ಅವರಲ್ಲಿ ಗುದ್ದಲಿಗೂ ಗಂಡನಿಗೂ ಅಕ್ಷರಗಳು ಒಂದೇ, ಮೇಲಿನ ಗೆರೆಯಷ್ಟೇ ವ್ಯತ್ಯಾಸವಂತೆ. ಇದನ್ನು ಅಜ್ಜಿ ನಗುತ್ತಲೇ ಹೇಳಿದರು, ಆದರೆ ಕಣ್ಣು ತುಂಬಿದ್ದವು. ಪೊರೆ ಬಂದು ಅವರಿಗೀಗ ಸಣ್ಣ ಅಕ್ಷರ ಕಾಣದು. ತಿದ್ದಿಕೊಡುವವರು ಯಾರೂ ಸಿಕ್ಕಿರಲಿಲ್ಲ.

"ನಾ ತಿದ್ದತೀನಿ" ಅಂದೆ.

"ಅತ್ತೆ, ನಿಮಗೆ ಆ ಲ್ಯಾಂಗ್ವೇಜೇ ಬರಲ್ವಲ್ಲ!" ಅಂದಳು ನಿನ್ನ ಮಗಳು ಮಾಧುರಿ.

"ಚುಕ್ಕಿ ನೋಡಾಕ ಭಾಷಾ ಯಾಕ ಬೇಕ? ಕಣ್ಣಿದ್ರ ಸಾಕು."

ಅಜ್ಜಿಯ ಹಳೆಯ ಕೈಬರಹದ ಪ್ರತಿ ಪಕ್ಕಕ್ಕಿಟ್ಟುಕೊಂಡು ನಾಲ್ಕು ದಿನ ಅಕ್ಷರಕ್ಕೆ ಅಕ್ಷರ ಹೋಲಿಸಿದೆ. ಮೊದಲ ಅಧ್ಯಾಯದಲ್ಲೇ ಆರುನೂರು ತಪ್ಪು. ಅಜ್ಜಿ ನನ್ನ ಕೈ ಹಿಡಿದು, "ಇಷ್ಟು ವರ್ಷ ಬರೆದೆ. ಒಂದಕ್ಷರವನ್ನೂ ಬಿಡದೆ ನೋಡಿದವಳು ನೀನೇ ಮೊದಲು" ಅಂದರು.

ಕಣ್ಣು ಸ್ವಲ್ಪ ಉರಿಯುತ್ತಿದೆ, ಔಷಧಿ ಹಾಕಿಕೊಳ್ಳುತ್ತಿದ್ದೇನೆ. ನೀನು ಬಿ.ಪಿ. ಮಾತ್ರೆ ಮರೆಯಬೇಡ.

ಇಗೋ, ಸಿಮಿ ಬಾಗಿಲು ಬಡಿಯುತ್ತಿದ್ದಾಳೆ. ಎರಡನೇ ಅಧ್ಯಾಯಕ್ಕೆ ಚುಕ್ಕಿಗಳನ್ನು ಅಜ್ಜಿಯನ್ನು ಕೇಳಿಕೊಂಡು ತಾನೇ ಹಾಕಿದ್ದಾಳಂತೆ.

ನಿನ್ನ ತಂಗಿ
ನೀಲವ್ವ