ಮಣ್ಣಿನ ಬಿಲ್‌ಗೆ ಒಂದು ಆಕ್ಷೇಪಣೆ

ಹದಿಮೂರನೆಯ ನೆರೆಯ ನಂತರದ ನಾಲ್ಕನೆಯ ಚೈತ್ರ
ನಿಮ್ಮ ಲೆಕ್ಕದಲ್ಲಿ ಕ್ರಿ.ಶ. 2287

ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯ ರೆಕಾರ್ಡ್ ರೂಮ್ ನೋಡಿಕೊಳ್ಳುವವರಿಗೆ,

ಶರಣು. ನನ್ನ ಕನ್ನಡ ವಿಚಿತ್ರವಾಗಿ ಕಂಡರೆ ಮನ್ನಿಸಿ. ನಾನು ಬರೆಯಲು ಕಲಿತದ್ದೇ ನಿಮ್ಮ ಕಚೇರಿಯ ಕಾಗದಗಳನ್ನು ನೋಡಿ. ಹಾಗಾಗಿ ಸಿಟ್ಟು ಬಂದಾಗಲೂ 'ಈ ಮೂಲಕ ತಿಳಿಯಪಡಿಸುವುದೇನೆಂದರೆ' ಎಂದೇ ಶುರುಮಾಡುತ್ತೇನೆ. ಸಿಟ್ಟು ಬಂದಿದೆ. ಈ ಮೂಲಕ ತಿಳಿಯಪಡಿಸುತ್ತಿದ್ದೇನೆ.

ನಾವು ದಿಬ್ಬದವರು. ದಿಬ್ಬ ಎಂದರೆ ನಿಮ್ಮ ಕಾಲದ ಶಾಲೆಯ ಮೈದಾನ. ತಗ್ಗಿನಲ್ಲಿದ್ದ ಆರು ಶಾಲೆಗಳ ಮೈದಾನಕ್ಕೆ ನೀವು ಲಾರಿಗಟ್ಟಲೆ ಮಣ್ಣು ಹಾಕಿಸಿ ಎತ್ತರ ಮಾಡಿದಿರಿ. ಹೊಳೆ ಊರುಗಳನ್ನು ನುಂಗಿದ ಮೇಲೆ ನೀರಿನಿಂದ ಹೊರಗೆ ಉಳಿದಿರುವುದು ಅವೇ. ಅಲ್ಲೇ ನಮ್ಮ ಗುಡಿಸಲು, ಅಲ್ಲೇ ಸಜ್ಜೆ, ಅಲ್ಲೇ ಬಾವಿ. ಆದರೆ ಮಣ್ಣು ಎರಡು ಕಡೆಯಿಂದ ಬಂದಿತ್ತೆಂದು ಹಿರಿಯರು ಹೇಳುತ್ತಿದ್ದರು: ಕೆಲವಕ್ಕೆ ಕೆರೆಯ ಹೂಳು, ಕೆಲವಕ್ಕೆ ರಾಸಾಯನಿಕ ಕಾರ್ಖಾನೆಯ ಹಿತ್ತಲಿನದು. ನಮ್ಮ ಪಾಲಿಗೆ ಬಂದದ್ದು ಯಾವುದೆಂದು ಕೇಳಬೇಕಿಲ್ಲ. ಇಲ್ಲಿ ಮಕ್ಕಳಿಗೆ ಬೂದಿಹಲ್ಲು ಬರುತ್ತದೆ. ಹಲ್ಲು ಬೂದಿಬಣ್ಣವಾಗಿಯೇ ಮೊಳೆಯುತ್ತದೆ, ಆಮೇಲೆ ಕಾಲು ಸೋಲುತ್ತದೆ, ಆಮೇಲೆ ಮಗು ಇರುವುದಿಲ್ಲ. ನನ್ನ ಸೊಸೆ ಶಿವಗಂಗೆಯ ಮೊದಲ ಕೂಸು ಹಾಗೆಯೇ ಹೋಯಿತು. ಈಗ ಅವಳಿಗೆ ಮತ್ತೆ ಏಳು ತಿಂಗಳು. ಹೆರಿಗೆಗೆ ಮೊದಲು ದಿಬ್ಬ ಬದಲಿಸಬೇಕು. ಉಳಿದ ಐದೂ ಪಾಳುಬಿದ್ದಿವೆ; ಯಾವುದರ ಮಣ್ಣು ಒಳ್ಳೆಯದೆಂದು ಹೇಳಲು ಅಲ್ಲಿ ಯಾರೂ ಉಳಿದಿಲ್ಲ. ಮಣ್ಣು ಪರೀಕ್ಷಿಸುವ ಯಂತ್ರಗಳು ನನ್ನ ಅಜ್ಜಿಯ ಕಾಲಕ್ಕೇ ಕೆಟ್ಟು ಮೂಲೆ ಸೇರಿವೆ.

ಹೀಗಾಗಿ ನಾವಿಬ್ಬರೂ ಹರಿಗೋಲಿನಲ್ಲಿ ನಿಮ್ಮ ಕಚೇರಿಯ ಮೇಲ್ಮಹಡಿಗೆ ಹೋದೆವು. ಮಣ್ಣು ಎಲ್ಲಿಂದ ಬಂತೆಂದು ಗುತ್ತಿಗೆದಾರನ ಬಿಲ್‌ನಲ್ಲಿ ಇರಲೇಬೇಕಲ್ಲ. ಕಬ್ಬಿಣದ ಬೀರುವಿನಲ್ಲಿ ಸಿಕ್ಕಿದ್ದು ನಾಶಪಡಿಸಿದ ಕಡತಗಳ ಪಟ್ಟಿ. 'ಮೈದಾನಕ್ಕೆ ಮಣ್ಣು ತುಂಬಿಸಿದ ಬಿಲ್‌ಗಳು, ಆರು ಶಾಲೆ. ಅವಧಿ ಮುಗಿದಿದೆ. ಸುಡಲಾಗಿದೆ.' ಕೆಳಗೆ ಮೂರು ಸಹಿ. ಪಟ್ಟಿಯ ಮೇಲೆ 'ಶಾಶ್ವತವಾಗಿ ಕಾಯ್ದಿಡತಕ್ಕದ್ದು' ಎಂಬ ಮೊಹರು. ಓದಿ ಹೇಳಿದೆ. ಶಿವಗಂಗೆ ನೆಲದ ಮೇಲೇ ಕೂತುಬಿಟ್ಟಳು.

"ಅತ್ತೀ, ಸುಟ್ಟಿದ್ದರ ಪಟ್ಟಿ ಜ್ವಾಕಿಲೆ ಇಟ್ಟಾರ. ಬಿಲ್ ಒಂದ್ ಇಡಾಕ ಏನಾಗಿತ್ತರಿ ಇವರಿಗೆ?" ಎಂದಳು. ನಾನು ಬೀರುವಿನ ಉಳಿದ ಅರೆಗಳನ್ನು ತಡಕಿದೆ.

ಅದೇ ಬೀರುವಿನಲ್ಲಿ ಒಂದೇ ಒಂದು ಬಿಲ್ ಹಾಗೇ ಉಳಿದಿತ್ತು: ತಪಾಸಣೆಗೆ ಬಂದ ಸಾಹೇಬರಿಗೆ ಕೊಟ್ಟ ಚಹಾ, ಖಾರಾ ಬಿಸ್ಕತ್ತಿನದು. ಆಡಿಟ್‌ನವರು ಅದರ ಮೇಲೆ ಆಕ್ಷೇಪಣೆ ಬರೆದಿದ್ದರು. ಆಕ್ಷೇಪಣೆ ಇತ್ಯರ್ಥವಾಗುವವರೆಗೆ ಬಿಲ್ ಸುಡುವಂತಿಲ್ಲವೆಂದು ನಿಮ್ಮದೇ ನಿಯಮ. ಯಾರೂ ಇತ್ಯರ್ಥ ಮಾಡಲಿಲ್ಲ. ಚಹಾದ ಬಿಲ್ ಇನ್ನೂರೈವತ್ತು ವರ್ಷ ಬದುಕಿತು.

ಆದ್ದರಿಂದ ಈ ಕೋರಿಕೆ. ನಿಯಮ ಮುರಿಯಿರಿ ಎನ್ನುವುದಿಲ್ಲ. ಮಣ್ಣಿನ ಬಿಲ್‌ಗಳ ಮೇಲೂ ಒಂದು ಆಕ್ಷೇಪಣೆ ಬರೆಸಿ. ಲಾರಿಯ ನಂಬರ್ ಸರಿಯಿಲ್ಲವೆಂದೋ, ಸಹಿ ಹೊಂದುವುದಿಲ್ಲವೆಂದೋ, ಏನಾದರೂ ಒಂದು. ಆಮೇಲೆ ಅದನ್ನು ಮರೆತುಬಿಡಿ. ಅದು ನಿಮಗೆ ಕಷ್ಟವಾಗಲಾರದು.

ಈ ಕಾಗದವನ್ನು ನಿಮ್ಮ ಅದೇ ಬೀರುವಿನಲ್ಲಿ ಇಟ್ಟು ಹೋಗುತ್ತೇನೆ. ಉತ್ತರ ಬೇಡ. ನಾಳೆ ಬೆಳಿಗ್ಗೆ ಮತ್ತೆ ಬಂದು, ಮಣ್ಣಿನ ಬಿಲ್‌ಗಳು ಉಳಿದಿವೆಯೇ ಎಂದು ಬೀರು ತೆರೆಯುತ್ತೇನೆ. ಶಿವಗಂಗೆ ಗಂಟುಮೂಟೆಯೊಂದಿಗೆ ಕೆಳಗೆ ಹರಿಗೋಲಿನಲ್ಲಿ ಕೂತಿರುತ್ತಾಳೆ. ಯಾವ ಕಡೆಗೆ ಹುಟ್ಟು ಹಾಕಲಿ ಎಂದು ಕೇಳುತ್ತಾಳೆ.

ಇಂತಿ,
ಹಾಲವ್ವ, ಮೂರನೆಯ ದಿಬ್ಬ