ಲವಂಗ ಚುಚ್ಚಿದ ಹೋಳಿಗೆ

ಬೆಟಗೇರಿ, ಗದಗ
ಫೆಬ್ರವರಿ ೩೦, ೨೧೯೧

ನನ್ನ ಅಜ್ಜಿಯ ಮುತ್ತಜ್ಜಿ ಶಶಿಕಲಾಳಿಗೆ ಗಾಳಿಬಂಡಿಯ ನೀಲಗಂಗವ್ವ ಮಾಡುವ ಶರಣು.

ತಾರೀಖು ನೋಡಿ ಕಾಗದವನ್ನು ಕಸದ ಬುಟ್ಟಿಗೆ ಹಾಕಬೇಡ. ನಿಮ್ಮ ಫೆಬ್ರವರಿಗೆ ಮೂವತ್ತನೆಯ ದಿನ ಇಲ್ಲವೆಂದು ನನಗೆ ಗೊತ್ತು. ಎಪ್ಪತ್ತು ವರ್ಷಗಳ ಹಿಂದೆ ನಮ್ಮವರು ಜನವರಿಯಿಂದ ಒಂದು ದಿನ, ಮಾರ್ಚಿನಿಂದ ಒಂದು ದಿನ ಕಿತ್ತು ಆ ಬಡಪಾಯಿಗೆ ಕೊಟ್ಟರು. ನನ್ನ ಭಾಷೆ ಅಲ್ಲಲ್ಲಿ ವಿಚಿತ್ರ ಅನ್ನಿಸಿದರೆ ಕ್ಷಮಿಸು. ನಿನ್ನ ಕಾಲದ ಬರವಣಿಗೆಯನ್ನು ನಾನು ಕಲಿತದ್ದು ಹಳೆಯ ಮದುವೆ ಪತ್ರಿಕೆಗಳಿಂದ ಮತ್ತು ಔಷಧಿ ಡಬ್ಬಿಗಳ ಮೇಲಿನ ಸೂಚನೆಗಳಿಂದ. ಆದ್ದರಿಂದ ಒಮ್ಮೆ ಆಮಂತ್ರಣದಂತೆಯೂ ಒಮ್ಮೆ ಎಚ್ಚರಿಕೆಯಂತೆಯೂ ಕೇಳಿಸೀತು. ನಿನಗೆ ಇಪ್ಪತ್ತೈದು, ನನಗೆ ಅರವತ್ತೊಂದು. ಆದರೂ ಸಂಬಂಧದಲ್ಲಿ ನೀನೇ ಹಿರಿಯಳು. ಬಹುವಚನ ಬಳಸಲಿಲ್ಲವೆಂದು ಬೇಸರ ಬೇಡ, ನಮ್ಮ ಕಡೆ ಅವ್ವ ಅಜ್ಜಿಯರಿಗೆ ಯಾವತ್ತೂ ಏಕವಚನವೇ.

ಈ ಕಾಗದ ನಿನ್ನ ಕೈಗೆ ಬಂದದ್ದು ಹಿನ್ನಂಚೆಯಿಂದ. ಅಂದರೆ ಹಿಂದಕ್ಕೆ ಹೋಗುವ ಅಂಚೆ. ಇಲ್ಲಿ ಪ್ರತಿಯೊಬ್ಬರಿಗೂ ಜೀವಮಾನದಲ್ಲಿ ಒಂದು ಕಾಗದ ಹಿಂದಕ್ಕೆ ಕಳಿಸುವ ಹಕ್ಕಿದೆ, ಒಂದೇ ಒಂದು. ಹೆಚ್ಚಿನವರು ಸತ್ತ ಗಂಡನಿಗೋ, ಬಿಟ್ಟುಹೋದ ಗೆಳತಿಗೋ ಬರೆದು ಹಕ್ಕು ಮುಗಿಸಿಬಿಡುತ್ತಾರೆ. ಯಾವ ಪಕ್ಷ ಗೆದ್ದಿತು, ಯಾವ ವರ್ಷ ಮಳೆ ಕೈಕೊಟ್ಟಿತು ಎಂದು ಬರೆದರೆ ಅಂಚೆಯವರು ಆ ಸಾಲಿಗೆ ಮಸಿ ಬಳಿಯುತ್ತಾರೆ. ಮನೆಯ ಮಾತಿಗೆ ಅಡ್ಡಿಯಿಲ್ಲ. ನಾನು ನನ್ನ ಕಾಗದವನ್ನು ಇಷ್ಟು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದೆ. ಯಾರಿಗೆಂದು ಕೌಂಟರಿನ ಹುಡುಗಿ ಕೇಳಿದಾಗ ನಿನ್ನ ಹೆಸರು ಹೇಳಿದೆ. ಅವಳು ಕಣ್ಣರಳಿಸಿ "ಮಾಮಾನ ನಿದ್ದಿ ಶಶಿಕಲಾನ?" ಎಂದಳು. ಹೌದು, ನೀನು ಇಲ್ಲಿ ಅಷ್ಟು ಪ್ರಸಿದ್ಧಳು.

ಮೊದಲು ಹಬ್ಬದ ಸುದ್ದಿ ಹೇಳುತ್ತೇನೆ. ಇವತ್ತು ಬೆಟಗೇರಿಯಲ್ಲಿ ಮಾಮಾನ ನಿದ್ದಿ. ಬೆಳಗಿನಿಂದ ಓಣಿಯ ತುಂಬ ಕಡಲೆಬೇಳೆ ಬೇಯುವ ವಾಸನೆ. ಪ್ರತಿ ಮನೆಯಲ್ಲೂ ಒಂದು ಹೋಳಿಗೆಯ ನಡುವೆ ಲವಂಗ ಚುಚ್ಚಿ, ಉಳಿದವುಗಳ ಜೊತೆ ಬೆರೆಸಿಡುತ್ತಾರೆ. ಅದು ಯಾರ ತಟ್ಟೆಗೆ ಬೀಳುತ್ತದೋ ಅವರೇ ಆ ವರ್ಷದ ಮಾಮಾ. ಊಟ ಮುಗಿದ ಕೂಡಲೇ ಅವರು ಕಟ್ಟೆಯ ಮೇಲೆ ಬಿದ್ದುಕೊಂಡು ಗೊರಕೆ ಹೊಡೆಯಬೇಕು, ನಾವೆಲ್ಲ ಸುತ್ತ ನಿಂತು "ಮಾಮಾ ಏಳೋ" ಎಂದು ಕೂಗಬೇಕು. ಜೋರಾದ ಗೊರಕೆಗೆ ರೇಷ್ಮೆ ರುಮಾಲು ಸುತ್ತಿ ಮೆರವಣಿಗೆ. ಹೋದ ವರ್ಷ ಆ ರುಮಾಲು ನನ್ನ ಅಕ್ಕ ಮಹಾದೇವಿಗೆ ಹೋಯಿತು. ಅವಳು ನಟಿಸಲಿಲ್ಲ, ನಿಜವಾಗಿಯೂ ನಿದ್ದೆ ಹೋಗಿದ್ದಳು. ಆ ಸಿಟ್ಟು ನನಗಿನ್ನೂ ಇದೆ.

ಹಬ್ಬದ ದಿನವೇ ಆಗಲಿ, ಬರೀ ರೊಟ್ಟಿ ಪಲ್ಯದ ದಿನವೇ ಆಗಲಿ, ನಮ್ಮಲ್ಲಿ ಗುಳಿಗೆ ತೆಗೆದುಕೊಳ್ಳುವವರು ಅದನ್ನು ತಟ್ಟೆಯಲ್ಲಿ ಉಪ್ಪಿನ ಪಕ್ಕ ಇಟ್ಟು ಊಟಕ್ಕೆ ಕೂರುತ್ತಾರೆ. ಇದಕ್ಕೆ ಬಯಲು ಗುಳಿಗೆ ಎನ್ನುತ್ತೇವೆ. ಸಕ್ಕರೆ ಕಾಯಿಲೆಯದು, ಬಿಪಿಯದು, ತಲೆಯೊಳಗಿನ ದನಿಗಳದು ಎಲ್ಲವೂ ಒಂದೇ ಸಾಲಿನಲ್ಲಿ. ಯಾರೂ ಕದ್ದು ನುಂಗುವುದಿಲ್ಲ, ಯಾರೂ ಕದ್ದು ನುಂಗಿಸುವುದೂ ಇಲ್ಲ. ನನ್ನ ತಟ್ಟೆಯಲ್ಲೂ ಒಂದಿದೆ, ಹೆಸರುಬೇಳೆಯಷ್ಟು ಸಣ್ಣದು. ಗಾಬರಿಯಾಗಬೇಡ, ನಿನ್ನಿಂದ ನಮಗೆ ಬಂದದ್ದು ಇದೊಂದೇ ಅಲ್ಲ. ಕೆಟ್ಟುಹೋದದ್ದನ್ನು ಬಿಚ್ಚಿ ನೋಡದೆ ಬಿಡದ ಹಟವೂ ಬಂದಿದೆ, ಮೂಗೂ ಬಂದಿದೆ.

ಹತ್ತೊಂಬತ್ತನೆಯ ವಯಸ್ಸಿನಲ್ಲಿ ಗುಡ್ಡದ ಗಾಳಿಗಿರಣಿಗಳು ನನ್ನನ್ನು ಹೆಸರು ಹಿಡಿದು ಕರೆಯತೊಡಗಿದವು. ಮೊದಮೊದಲು ಹೆಮ್ಮೆಯಾಯಿತು. ಆಮೇಲೆ ಅವು ಬೈಯತೊಡಗಿದವು. ಅಕ್ಕ ನನ್ನನ್ನು ಹದಗಾರ್ತಿಯ ಬಳಿ ಕರೆದುಕೊಂಡು ಹೋದಳು. ನಿನ್ನ ಕಾಲದಲ್ಲಿ ಈ ಕಸುಬು ಇರಲಿಲ್ಲ. ಡಾಕ್ಟರು ಗುಳಿಗೆ ಯಾವುದೆಂದು ಹೇಳುತ್ತಾರೆ. ಬೆಲ್ಲದ ಪಾಕ ನೋಡುವ ಹಾಗೆ ದಿನದಿನವೂ ಕೂತು ಅದರ ಹದ ನೋಡುವವಳು ಹದಗಾರ್ತಿ. ಕಮ್ಮಿಯಾದರೆ ದನಿಗಳು ನಿಲ್ಲುವುದಿಲ್ಲ, ಹೆಚ್ಚಾದರೆ ಮನುಷ್ಯಳೇ ನಿಂತುಬಿಡುತ್ತಾಳೆ. ಅವಳು ಮೊದಲ ದಿನವೇ ಕೇಳುವ ಪ್ರಶ್ನೆ: ನಿನ್ನಲ್ಲಿ ಏನು ಹೋಗಬಾರದು? ಆ ಒಂದಕ್ಕೆ ಉಳಿಕೆ ಎಂದು ಹೆಸರು. ಒಬ್ಬನಿಗೆ ಹಾಡು, ಇನ್ನೊಬ್ಬಳಿಗೆ ಗಂಡನ ಮೇಲಿನ ಆಸೆ. ನಾನು ಬಹಳ ಯೋಚಿಸಿ "ಅಕ್ಕನ ಜೋಡಿ ಜಗಳ" ಎಂದು ಬರೆಸಿದೆ. ಎರಡನೆಯ ವಾರ ಮಹಾದೇವಿ ಹದಗಾರ್ತಿಯ ಬಾಗಿಲಿಗೆ ಹೋಗಿ ಕೂತಳಂತೆ: "ಮೂರು ದಿನ ಆತ್ರೀ, ಇಕಿ ನನ್ನ ಜೋಡಿ ಜಗಳಾನ ತೆಗದಿಲ್ಲ. ಎಲ್ಲೋ ಹದ ತಪ್ಪೇತಿ, ನೋಡ್ರೀ." ಗುಳಿಗೆ ಬದಲಾಯಿತು. ನಾಲ್ಕನೆಯ ವಾರ ಚಟ್ನಿಗೆ ಖಾರ ಹೆಚ್ಚಾಯಿತೆಂದು ನಾನು ಅವಳ ಮೇಲೆ ರೇಗಿದೆ. ಅವಳು ಸಂತೋಷಕ್ಕೆ ಅತ್ತುಬಿಟ್ಟಳು. ಅಂದಿನಿಂದ ಗಿರಣಿಗಳು ಬರೀ ತಿರುಗುತ್ತವೆ. ಆ ಗಾಳಿಯ ಬಲದಿಂದಲೇ ಓಡುವ ಬಂಡಿಯನ್ನು ಮೂವತ್ತೆಂಟು ವರ್ಷಗಳಿಂದ ಲಕ್ಷ್ಮೇಶ್ವರದವರೆಗೆ ಓಡಿಸುತ್ತಿದ್ದೇನೆ. ಕಾಯಿಲೆ ಹೋಗಿಲ್ಲ, ನಾನೂ ಹೋಗಿಲ್ಲ. ಇಬ್ಬರೂ ಒಂದೇ ಮನೆಯಲ್ಲಿದ್ದೇವೆ, ಯಜಮಾನಿಕೆ ನನ್ನದು.

ಈಗ ನಿನ್ನ ವಿಷಯ. ಇವತ್ತು ನಿನಗೆ ಮಂಗಳವಾರ. ಬಸ್ ಸ್ಟ್ಯಾಂಡಿನ ಎದುರಿನ ನಿನ್ನ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೂತು ಇದನ್ನು ಓದುತ್ತಿದ್ದೀ. ಒಂದು ವರ್ಷ ನಿನ್ನನ್ನು ಕಾಡಿದ ದನಿಗಳು ಗುಳಿಗೆಯಿಂದ ನಿಂತವು. ಆದರೆ ಕೈ ನಡುಗತೊಡಗಿತು. ಚಿಮಟದಲ್ಲಿ ಹಿಡಿದ ಸಾಸಿವೆಗಿಂತ ಸಣ್ಣ ಸ್ಕ್ರೂ ಜಾರಿ ಬೀಳುತ್ತದೆ, ನೀನು ನೆಲದ ಮೇಲೆ ಮೊಣಕಾಲೂರಿ ಹುಡುಕುತ್ತೀ. ಗಿರಾಕಿಗಳು ನೋಡುತ್ತಾರೆ. ಗದಗಿನಲ್ಲಿ ಯಾರಿಗೂ ಬಿಚ್ಚಲು ಬಾರದ ಫೋನನ್ನು ಬಿಚ್ಚುತ್ತಿದ್ದ ಕೈ ಅದು. ಹಾಗಾಗಿ ಹನ್ನೊಂದು ದಿನದಿಂದ ನೀನು ಗುಳಿಗೆಯನ್ನು ನಾಲಗೆಯ ಕೆಳಗೆ ಇಟ್ಟುಕೊಂಡು, ಅಂಗಡಿಗೆ ಬಂದು, ಒಂದು ಸತ್ತ ಫೋನಿನ ಮುಚ್ಚಳ ತೆಗೆದು ಬ್ಯಾಟರಿ ಇರಬೇಕಾದ ಜಾಗದಲ್ಲಿ ಬಚ್ಚಿಡುತ್ತಿದ್ದೀ. ನನಗೆ ಹೇಗೆ ಗೊತ್ತು ಎಂದೆಯಾ? ಆ ಫೋನು ನಮ್ಮ ದೇವರ ಕೋಣೆಯಲ್ಲಿದೆ. ಅದರೊಳಗೆ ನೀನು ಬಚ್ಚಿಟ್ಟ ಗುಳಿಗೆಗಳು ಪುಡಿಯಾಗಿ ಬಿದ್ದಿವೆ.

ಗುರುವಾರ ನಿನ್ನ ಅವ್ವ ಅಂಗಡಿ ಗುಡಿಸಲು ಬಂದಾಗ ಆ ಫೋನು ಕೈಜಾರಿ ಬಿದ್ದು ಬಿಚ್ಚಿಕೊಳ್ಳುತ್ತದೆ. ಅವಳು ಹೆದರಿ, ಅದನ್ನು ಮುಚ್ಚಿ ಇದ್ದಲ್ಲೇ ಇಡುತ್ತಾಳೆ. ಭಾನುವಾರ ಲಕ್ಷ್ಮೇಶ್ವರದಿಂದ ಗಂಡಿನವರು ನಿನ್ನನ್ನು ನೋಡಲು ಬರುವವರಿದ್ದಾರೆ. ಅವರೆದುರು ನೀನು ಒಬ್ಬಳೇ ಮಾತಾಡತೊಡಗಿದರೆ? ಅದಕ್ಕೆ ಭಾನುವಾರ ಬೆಳಿಗ್ಗೆ ಎರಡು ಗುಳಿಗೆ ಅರೆದು ಒಂದು ಹೋಳಿಗೆಯ ಹೂರಣಕ್ಕೆ ಬೆರೆಸಿ, ಗುರುತಿಗೆ ಲವಂಗ ಚುಚ್ಚಿ, ನಿನಗೆಂದು ಬೇರೆ ಎತ್ತಿಡುತ್ತಾಳೆ. ಆ ಲವಂಗವೇ ಕೆಲಸ ಕೆಡಿಸಿದ್ದು. ಬಡಿಸಲು ಬಂದ ನಿನ್ನ ಚಿಗವ್ವನಿಗೆ ಅದು ಮರ್ಯಾದೆಯ ಹೋಳಿಗೆಯಂತೆ ಕಂಡಿತು. ಮರ್ಯಾದೆಯದ್ದು ಹೋಗಬೇಕಾದದ್ದು ಹಿರಿಯ ಬೀಗರಿಗೆ ತಾನೆ? ಹುಡುಗನ ಸೋದರಮಾವ ಬಸಲಿಂಗಪ್ಪನ ತಟ್ಟೆಗೆ ತುಪ್ಪ ಸುರಿದು ಹಾಕಿದಳು. ಅವನು ಎಲೆಅಡಿಕೆಯ ತಟ್ಟೆಯ ಮೇಲೆ ತಲೆಯಿಟ್ಟು ಮಲಗಿದವನು ಎದ್ದದ್ದು ಮರುದಿನ ಮಧ್ಯಾಹ್ನ, ದವಾಖಾನೆಯಲ್ಲಿ. ಎದ್ದ ಕೂಡಲೇ "ಹೋಳಿಗಿ ಉಳದಾವೇನು?" ಎಂದನಂತೆ.

ನಾವು ನೂರಾ ಅರವತ್ತೈದು ವರ್ಷಗಳಿಂದ ಇಲ್ಲಿಗೆ ಕತೆ ನಿಲ್ಲಿಸಿ ನಗುತ್ತಿದ್ದೇವೆ. ನಾನೂ ನಕ್ಕಿದ್ದೇನೆ. ಮುಂದಿನದನ್ನು ನನಗೆ ಹೇಳಿದ್ದು ನನ್ನ ಅಜ್ಜಿ, ನನ್ನ ತಟ್ಟೆಯಲ್ಲಿ ಗುಳಿಗೆ ಕಾಣಿಸಿಕೊಂಡ ಮೇಲೆ. ಬಸಲಿಂಗಪ್ಪ ಮೋಟರ್‌ಸೈಕಲ್ ಹತ್ತುವ ಮುಂಚೆ ನಿದ್ದೆ ಬಂದದ್ದು ಪುಣ್ಯ. ನಿನ್ನ ಅವ್ವ ಎಲ್ಲರೆದುರು ಅಳುತ್ತಾ ಒಪ್ಪಿಕೊಂಡಳು. ಅವತ್ತಿನಿಂದ ನೀನು ಅವಳ ಕೈಯ ಅನ್ನ ಮುಟ್ಟಲಿಲ್ಲ. ಪೊಟ್ಟಣದ ಬಿಸ್ಕತ್ತು, ಸಿಪ್ಪೆಯಿರುವ ಬಾಳೆಹಣ್ಣು, ಅಷ್ಟೇ. ಗುಳಿಗೆಯನ್ನೂ ಪೂರ್ತಿ ಬಿಟ್ಟೆ. ದನಿಗಳು ವಾಪಸು ಬಂದವು, ಅವ್ವ ವಿಷ ಹಾಕುತ್ತಾಳೆ ಎಂದವು. ಆ ಮಾತಿಗೆ ಅವ್ವನೇ ಸಾಕ್ಷಿ ಒದಗಿಸಿಬಿಟ್ಟಿದ್ದಳು. ಅಂಗಡಿ ಮುಚ್ಚಿತು. ಒಂದು ವರ್ಷ ಎರಡು ತಿಂಗಳು ನೀನು ಮನೆಯಲ್ಲಿದ್ದೂ ಇರಲಿಲ್ಲ. ಕೊನೆಗೊಂದು ದಿನ ನಿನ್ನ ಅವ್ವ ತಟ್ಟೆಯಲ್ಲಿ ಉಪ್ಪಿನ ಪಕ್ಕ ಗುಳಿಗೆಯನ್ನು ಕಾಣುವ ಹಾಗೆ ಇಟ್ಟು, "ಇದು ಗುಳಗಿ, ಇದು ಅನ್ನ. ಬ್ಯಾರೆ ಬ್ಯಾರೆ ಅದಾವ, ನೋಡವಾ" ಎಂದಳು. ನೀನು ಬಹಳ ಹೊತ್ತು ನೋಡಿ, ಮೊದಲು ಅನ್ನ ತಿಂದೆ. ಬಯಲು ಗುಳಿಗೆ ಹುಟ್ಟಿದ್ದು ಹಾಗೆ.

ಶಶಿಕಲಾ, ಆ ಒಂದು ವರ್ಷ ನಿನಗೆ ಬೇಡ. ಇಷ್ಟು ಹೇಳಲಿಕ್ಕೆ ನನ್ನ ಒಂದೇ ಒಂದು ಕಾಗದ ಖರ್ಚು ಮಾಡುತ್ತಿದ್ದೇನೆ. ಗುರುವಾರ ಇನ್ನೂ ಬಂದಿಲ್ಲ. ನಿನ್ನ ಅವ್ವ ಇನ್ನೂ ಏನನ್ನೂ ಬೆರೆಸಿಲ್ಲ, ಬೆರೆಸುವ ಯೋಚನೆಯೂ ಅವಳಿಗೆ ಬಂದಿಲ್ಲ. ಮಾಡದ ತಪ್ಪಿಗೆ ಅವಳ ಮೇಲೆ ಸಿಟ್ಟಾಗಬೇಡ. ನಾಳೆ ಬುಧವಾರ ಊಟಕ್ಕೆ ಕೂತಾಗ ಆ ಫೋನನ್ನು ನೀನೇ ಅವಳ ಮುಂದೆ ಇಟ್ಟು, "ಅವ್ವಾ, ನಾ ಗುಳಗಿ ನುಂಗಾಕತ್ತಿಲ್ಲ, ಕೈ ನಡುಗ್ತಾವ" ಎಂದುಬಿಡು. ಬೈದಾಳು. ಬೈಯಲಿ. ಆಮೇಲೆ ಇಬ್ಬರೂ ಡಾಕ್ಟರ ಬಳಿ ಹೋಗಿ. ಹನ್ನೊಂದು ದಿನ ಬಿಟ್ಟದ್ದನ್ನು ಅವರಿಗೆ ಹೇಳಬೇಕು. ನೀನಾಗಿಯೇ ಮತ್ತೆ ಶುರುಮಾಡುವುದೂ ಬೇಡ, ನೀನಾಗಿಯೇ ಬಿಡುವುದೂ ಬೇಡ. ಅಲ್ಲಿ ಸರದಿ ಉದ್ದ, ನಿನ್ನ ಪಾಲಿಗೆ ಸಿಗುವುದು ಸ್ವಲ್ಪ ಹೊತ್ತು. ಪ್ರತಿಸಲ ಅವ್ವನೇ ನಿನ್ನ ಪರವಾಗಿ "ಆರಾಮ ಅದಾಳ್ರೀ" ಎಂದು ಮುಗಿಸಿಬಿಡುತ್ತಾಳೆ. ಈ ಸಲ ನೀನು ಮಾತಾಡು. ಚಿಮಟ, ಸ್ಕ್ರೂ ಎರಡನ್ನೂ ಒಯ್ದು ಅವರ ಮೇಜಿನ ಮೇಲೆ ಎತ್ತಿ ತೋರಿಸು. ಪ್ರಮಾಣ ಇಳಿಸಲು, ಗುಳಿಗೆಯನ್ನೇ ಬದಲಿಸಲು, ನಡುಕಕ್ಕೆ ಬೇರೆ ಉಪಾಯ ಹುಡುಕಲು ನಿನ್ನ ಕಾಲದಲ್ಲೂ ದಾರಿಗಳಿದ್ದವು. ಆದರೆ ಎಲ್ಲಿ ಕೆಟ್ಟಿದೆ ಎಂದು ಹೇಳದೆ ರಿಪೇರಿ ಆಗುವುದಿಲ್ಲ ಎಂಬುದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬರೀ "ಫೋನ್ ಆರಾಮ ಐತಿ" ಎನ್ನುವ ಗಿರಾಕಿಯನ್ನು ನೀನು ಎಷ್ಟು ಬೈಯುವವಳು!

ಹುಡುಗನ ವಿಷಯ ಏನಾಯಿತು ಎಂದು ನಾನು ಬರೆಯುವುದಿಲ್ಲ. ನಾನು ಹುಟ್ಟಿದ್ದೇನೆ, ಉಳಿದದ್ದನ್ನು ನೀನೇ ಊಹಿಸಿಕೋ.

ನೀನು ನಾಳೆ ಮಾತಾಡಿದರೆ ಭಾನುವಾರ ಯಾವ ಹೋಳಿಗೆಗೂ ಲವಂಗ ಬೀಳುವುದಿಲ್ಲ. ಬಸಲಿಂಗಪ್ಪ ಎಚ್ಚರವಾಗಿಯೇ ಕೂತು, ಎಲ್ಲರ ತಲೆ ತಿಂದು, ಊರಿಗೆ ಹೋಗುತ್ತಾನೆ. ಆಗ ನಮಗೆ ಹಬ್ಬವೇ ಇರುವುದಿಲ್ಲ. ನಾನು ಇದನ್ನು ಅಂಚೆಯ ಹುಡುಗಿಗೆ ಹೇಳಿದಾಗ ಅವಳ ಮುಖ ಸಣ್ಣದಾಯಿತು. ಸುಳ್ಳು ಯಾಕೆ ಹೇಳಲಿ, ರುಮಾಲು ಗೆಲ್ಲುವ ಆಸೆ ನನಗಿನ್ನೂ ಇತ್ತು. ಆದರೆ ಬಯಲು ಗುಳಿಗೆ ಉಳಿಯುತ್ತದೆ, ಯಾಕೆಂದರೆ ನಾಳೆ ನೀನೇ ಅದನ್ನು ಶುರುಮಾಡುತ್ತೀ. ನಕ್ಕು ನಲಿಯಲಿಕ್ಕೆ ಈ ಓಣಿಯ ಜನ ಇನ್ನೊಂದು ನೆಪ ಹುಡುಕಿಕೊಳ್ಳುತ್ತಾರೆ, ಅದರಲ್ಲಿ ನಾವು ಗಟ್ಟಿಗರು.

ಕಾಗದ ಮಡಚುವ ಹೊತ್ತಾಯಿತು. ಈ ವರ್ಷ ಲವಂಗದ ಹೋಳಿಗೆ ಕೊನೆಗೂ ನನ್ನ ತಟ್ಟೆಗೆ ಬಿದ್ದಿದೆ. ಪಕ್ಕದಲ್ಲಿ ಉಪ್ಪು, ಉಪ್ಪಿನ ಪಕ್ಕ ನನ್ನ ಗುಳಿಗೆ. ಹೊರಗೆ ಕಟ್ಟೆಯ ಹತ್ತಿರ ಮಹಾದೇವಿ ಜನ ಸೇರಿಸಿಕೊಂಡು ಕಾಯುತ್ತಿದ್ದಾಳೆ. ಇದನ್ನು ಅಂಚೆಗೆ ಹಾಕಿ ಬಂದು ಊಟಕ್ಕೆ ಕೂರುತ್ತೇನೆ. ನೀನು ನಿನ್ನ ಅವ್ವನಿಗೆ ಹೇಳಿದ್ದರೆ, ನಾನು ವಾಪಸು ಬರುವಷ್ಟರಲ್ಲಿ ಕಟ್ಟೆ ಖಾಲಿಯಿರುತ್ತದೆ. ಆಗ ಹೋಳಿಗೆಯ ನಡುವೆ ಈ ಲವಂಗ ಯಾಕಿದೆ ಎಂದು ನನಗೆ ಅರ್ಥವಾಗುವುದಿಲ್ಲ. ಅಕ್ಕನೇ ಮರೆವಿನಿಂದ ಬೀಳಿಸಿರಬೇಕೆಂದು ಅವಳ ಜೊತೆ ಚೆನ್ನಾಗಿ ಜಗಳವಾಡಿ, ಅದನ್ನು ಕಿತ್ತು ಬದಿಗಿಟ್ಟು, ಹೋಳಿಗೆ ತಿನ್ನುತ್ತೇನೆ.

ನಿನ್ನ ಮೊಮ್ಮಗಳ ಮೊಮ್ಮಗಳ ಮಗಳು,
ನೀಲಗಂಗವ್ವ